ಒಂದು 'ಎಫ್' ಜಾಸ್ತಿ ಹಾಕಿದ್ದಕ್ಕೆ ಸುಪ್ರೀಂ ಕೋರ್ಟ್‌ವರೆಗೆ

1/5
ಡೊಮೇನ್ ಖಾಲಿ ಇದೆ ಅಂದ್ರೆ ಅದು ನಮ್ಮದಾಗುತ್ತಾ?

ನಮ್ಮಕ್ಕ ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರ್ತಾಳೆ. ವೆಬ್‌ಸೈಟ್ ಮಾಡೋಣ ಅಂತ ಕೂತಾಗ ಐಡಿಯಾ ಕೊಟ್ಟವನು ನಾನೇ. ಎಲ್ಲರಿಗೂ ಗೊತ್ತಿರೋ ಒಂದು ಮಸಾಲೆ ಬ್ರ್ಯಾಂಡಿನ ಹೆಸರಿಗೆ ಒಂದಕ್ಷರ ಸೇರಿಸಿದ್ರೆ ಸಾಕು, ಜನ ತಾವಾಗೇ ಬರ್ತಾರೆ ಅಂದೆ. ಹುಡುಕಿದ್ರೆ ಡೊಮೇನ್ ಖಾಲಿ ಇತ್ತು! ಅಕ್ಕ 500 ಲೇಬಲ್ ಪ್ರಿಂಟಿಗೆ ಕೊಡೋಕೆ ರೆಡಿ. ಅದೇ ವಾರ ಬ್ಯುಸಿನೆಸ್ ಲಾ ಕ್ಲಾಸಲ್ಲಿ ಒಂದು ಕೇಸ್ ಬಂತು. ನನ್ನ ಐಡಿಯಾದ ಕಥೆಯೇ ಅದು. ಕೇಳಿ.

2/5
ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಪ್ರಪಂಚದಲ್ಲಿ ರಿಜಿಸ್ಟರ್ ಆದ ಮೊದಲ ಡಾಟ್ ಕಾಮ್ ಹೆಸರು ಸಿಂಬಾಲಿಕ್ಸ್ ಡಾಟ್ ಕಾಮ್. 1985ರ ಮಾರ್ಚ್ 15. ಆ ವರ್ಷವಿಡೀ ರಿಜಿಸ್ಟರ್ ಆಗಿದ್ದು ಆರೇ ಆರು. 1995ರವರೆಗೆ ಹೆಸರು ತಗೊಳ್ಳೋಕೆ ಕಾಸೂ ಕೊಡಬೇಕಿರಲಿಲ್ಲ. ಮೊದಲು ಬಂದವರಿಗೆ ಹೆಸರು, ಅಷ್ಟೇ ರೂಲ್ಸು.

1994ರಲ್ಲಿ ಜೋಶುವಾ ಕ್ವಿಟ್ನರ್ ಅನ್ನೋ ಪತ್ರಕರ್ತ ಮೆಕ್‌ಡೊನಾಲ್ಡ್ಸ್ ಡಾಟ್ ಕಾಮ್ ಅನ್ನೇ ತನ್ನ ಹೆಸರಿಗೆ ಮಾಡಿಕೊಂಡ! ಆಮೇಲೆ ಕಂಪನಿಯಿಂದ ಒಂದು ಶಾಲೆಯ ಇಂಟರ್ನೆಟ್ಟಿಗೆ ದುಡ್ಡು ಕೊಡಿಸಿ ಹೆಸರು ವಾಪಸ್ ಕೊಟ್ಟ. ಅವನೇನೋ ತಮಾಷೆಗೆ ಮಾಡಿದ್ದು. ಅವನ ಹಿಂದೆ ಬಂದವರು ಅದನ್ನೇ ದಂಧೆ ಮಾಡಿಕೊಂಡರು.

3/5
ನಮ್ಮ ದೇಶದಲ್ಲೂ ಜಗಳ ಶುರುವಾಯ್ತು. 1999ರಲ್ಲಿ ಯಾಹೂ ಇಂಡಿಯಾ ಡಾಟ್ ಕಾಮ್ ಅಂತ ಬೇರೆ ಯಾರೋ ಸೈಟ್ ನಡೆಸ್ತಿದ್ದಾಗ ದೆಹಲಿ ಹೈಕೋರ್ಟ್ ಅದಕ್ಕೆ ತಡೆ ಹಾಕಿತು.

ಈಗ ನಮ್ಮ ಬೆಂಗಳೂರಿಗೆ ಬನ್ನಿ. ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ಅಕ್ಷರಗಳನ್ನೇ ಜೋಡಿಸಿ 'ಸಿಫಿ' ಅನ್ನೋ ಪದ ಹುಟ್ಟಿಸಿತ್ತು. 1999ರಲ್ಲೇ ಸಿಫಿನೆಟ್ ಥರದ ಡೊಮೇನ್‌ಗಳನ್ನು ತಗೊಂಡಿತ್ತು. ಎರಡು ವರ್ಷ ಬಿಟ್ಟು ಇನ್ನೊಂದು ಕಂಪನಿ ಬಂತು. ಹೆಸರು ಅದೇ, ಇಂಗ್ಲಿಷಿನಲ್ಲಿ ಒಂದು 'ಎಫ್' ಮಾತ್ರ ಜಾಸ್ತಿ.

ಕೇಳಿದ್ರೆ ಏನಂದ್ರು ಗೊತ್ತಾ? 'ನಮ್ಮ ಐದು ಜನ ಪಾಲುದಾರರ ಹೆಸರಿನ ಮೊದಲ ಅಕ್ಷರ ಸೇರಿಸಿದ್ವಿ, ಈ ಪದ ಬಂತು' ಅಂದ್ರು!

4/5
ಸಿಟಿ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಹೈಕೋರ್ಟ್ ಅದನ್ನು ತೆಗೆದುಹಾಕಿತು. ಎರಡರ ವ್ಯಾಪಾರ ಬೇರೆ ಬೇರೆ, ಎರಡನೆಯವರು ದುಡ್ಡು ಹಾಕಿದ್ದಾರೆ, ಅವರಿಗೇ ಹೆಚ್ಚು ತೊಂದರೆ ಅನ್ನೋದು ಅಲ್ಲಿನ ವಾದ. 2004ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸಿಫಿ ಪರ ನಿಂತಿತು. ಐದು ಹೆಸರಿನ ಕಥೆಯನ್ನು ನಂಬಲಿಲ್ಲ.

ಆ ತೀರ್ಪಿನ ತಿರುಳು ಇಷ್ಟು: ಭಾರತದಲ್ಲಿ ಡೊಮೇನ್‌ಗೇ ಅಂತ ಪ್ರತ್ಯೇಕ ಕಾನೂನು ಇಲ್ಲದಿದ್ದರೂ, ಡೊಮೇನ್ ಬರೀ ವಿಳಾಸ ಅಲ್ಲ, ವ್ಯಾಪಾರದ ಗುರುತು ಕೂಡ. ಹಾಗಾಗಿ ನಾವು ಓದೋ 'ಪಾಸಿಂಗ್ ಆಫ್' ಇಲ್ಲಿಗೂ ಬರುತ್ತೆ. ಅಂದ್ರೆ, ಇನ್ನೊಬ್ಬರು ಗಳಿಸಿದ ಹೆಸರಿನ ನೆರಳಲ್ಲಿ ನಮ್ಮ ಮಾಲು ದಾಟಿಸೋ ಹಾಗಿಲ್ಲ.

5/5
ಡೊಮೇನ್ ಮಾರೋ ಸೈಟು 'ಖಾಲಿ ಇದೆ' ಅನ್ನುತ್ತೆ. ಅದರರ್ಥ ಆ ಅಕ್ಷರಗಳನ್ನು ಯಾರೂ ತಗೊಂಡಿಲ್ಲ ಅಂತ ಮಾತ್ರ. ಆ ಹೆಸರಿನ ಮೇಲೆ ಯಾರಿಗೂ ಹಕ್ಕಿಲ್ಲ ಅಂತ ಅಲ್ಲ. ನಾನು ಎಡವಿದ್ದು ಇಲ್ಲೇ.

ನೀವೂ ಏನಾದ್ರೂ ಶುರು ಮಾಡ್ತಿದ್ರೆ ಇಷ್ಟು ಮಾಡಿ. ಸರ್ಕಾರದ ಟ್ರೇಡ್‌ಮಾರ್ಕ್ ಸೈಟಲ್ಲಿ ಹೆಸರು ಹುಡುಕಿ, ಅದು ಉಚಿತ. ಫೋನಲ್ಲಿ ಒಬ್ಬರಿಗೆ ಹೆಸರು ಹೇಳಿ, ಸ್ಪೆಲ್ಲಿಂಗ್ ಕೇಳದೆ ಟೈಪ್ ಮಾಡ್ತಾರಾ ನೋಡಿ. ಡೊಮೇನ್ ನಿಮ್ಮ ಹೆಸರಲ್ಲೇ ಇರಲಿ, ಸೈಟ್ ಮಾಡಿಕೊಟ್ಟವರ ಹೆಸರಲ್ಲಿ ಬೇಡ.

ಲೇಬಲ್ ಪ್ರಿಂಟಿಗೆ ಹೋಗಲಿಲ್ಲ. ಅಕ್ಕನಿಗೆ ಕಥೆ ಪೂರ್ತಿ ಹೇಳಿದೆ. 'ಪುಡಿ ನಂದು, ಹೆಸರು ಯಾಕೋ ಬೇರೆಯವರದ್ದು?' ಅಂದಳು. ಹೊಸ ಹೆಸರು ಇನ್ನೂ ಹುಡುಕ್ತಿದ್ದೀವಿ. ಒಳ್ಳೇದು ಹೊಳೆದ್ರೆ ಹೇಳಿ, ಮೊದಲ ಪ್ಯಾಕೆಟ್ ನಿಮಗೇ.

#ಡೊಮೇನ್‌ಕಥೆ #ಬಿಕಾಂಹುಡುಗರು #ಕನ್ನಡದಲ್ಲಿಕಾಮರ್ಸ್