ಗಿರಣಿಯ ಹೊಗೆ, ನಗರದ ಕೂಟ

ಸದ್ಭಕ್ತರೇ, ಇಂಗ್ಲೆಂಡಿನ ಯಂತ್ರಕ್ರಾಂತಿಯು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ನಿಮಗೆ ದೂರದ ಸಂಗತಿಯೆಂದು ತೋರಬಹುದು. ಆದರೆ ಅದರ ಕಾವು ಈ ಸೀಮೆಯ ಹೊಲಗಳನ್ನೂ ಮುಟ್ಟಿತ್ತು.

ಲ್ಯಾಂಕಾಷೈರಿನ ಗಿರಣಿಗಳು ರಾಶಿರಾಶಿಯಾಗಿ ಬಟ್ಟೆ ನೇಯತೊಡಗಿದಾಗ ಅವುಗಳ ಒಡೆಯರಿಗೆ ಭಾರತದ ಪೇಟೆ ಬೇಕಾಯಿತು. ಈಸ್ಟ್ ಇಂಡಿಯಾ ಕಂಪನಿಗಿದ್ದ ಭಾರತ ವ್ಯಾಪಾರದ ಏಕಸ್ವಾಮ್ಯವು 1813ರಲ್ಲಿ ರದ್ದಾಯಿತು. ವ್ಯಾಪಾರದ ಹಿಡಿತ ಸಡಿಲಿದ ಕಂಪನಿಗೆ ಭೂಕಂದಾಯ ಮತ್ತು ಕಪ್ಪಗಳೇ ಆಸರೆಯಾದವು. 1799ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ತೆರಬೇಕಿತ್ತು. ಅದರೊಡನೆ ಅರಮನೆಯ ವೆಚ್ಚ, ಕಂದಾಯದ ಗುತ್ತಿಗೆ, ಅಧಿಕಾರಿಗಳ ಸುಲಿಗೆ. ಭಾರವೆಲ್ಲ ಬಿದ್ದದ್ದು ರೈತನ ಹೆಗಲಿಗೆ.

1830ರಲ್ಲಿ ನಗರ ಫೌಜುದಾರಿಯ ರೈತರು ಕೂಟ ಕಟ್ಟಿದರು. ಇಂದಿನ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ನೆರೆದರು, ಕಂದಾಯ ಕೊಡೆವೆಂದರು. ಕೆಳದಿ ಅರಸರ ವಂಶದವನೆಂದು ಹೇಳಿಕೊಂಡ ಬೂದಿ ಬಸವಪ್ಪನೂ ತರೀಕೆರೆಯ ಪಾಳೆಯಗಾರ ರಂಗಪ್ಪನಾಯಕನೂ ಮುಂದೆ ನಿಂತರು. ಹೊನ್ನಾಳಿಯಲ್ಲಿ ಕಾಳಗವಾಯಿತು. 1831ರಲ್ಲಿ ಕಂಪನಿಯ ಪಡೆ ನಗರವನ್ನು ಹಿಡಿದು ದಂಗೆಯನ್ನು ಅಡಗಿಸಿತು.

ಅದೇ ವರ್ಷ ಗವರ್ನರ್ ಜನರಲ್ ಬೆಂಟಿಂಕನು ದುರಾಡಳಿತದ ಕಾರಣವೊಡ್ಡಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡನು. ಅದು ಅರಸುಮನೆತನಕ್ಕೆ ಮರಳಿದ್ದು 50 ವರ್ಷಗಳ ತರುವಾಯ, 1881ರಲ್ಲಿ. ದುರಾಡಳಿತವಿದ್ದುದು ಸುಳ್ಳಲ್ಲ. ಆದರೆ ವಾಚಕರೇ, ಒಂದನ್ನು ಗಮನಿಸಿರಿ: ಅರಸನ ಅಧಿಕಾರ ಹೋಯಿತು, ಕಪ್ಪವು ಹೋಗಲಿಲ್ಲ. ತಪ್ಪಿನಲ್ಲಿ ಅರಸನ ಪಾಲನ್ನು ಎಣಿಸಿದ ಕಂಪನಿಯು ತನ್ನ ಪಾಲನ್ನು ಎಣಿಸಲಿಲ್ಲ.

ಇತಿಹಾಸವು ಈ ಘಟನೆಯನ್ನು ದಂಗೆಯೆಂದು ಬರೆದಿದೆ. ಕೂಡಿದವರು ಅದನ್ನು ಕೂಟವೆಂದರು. ನಾವು ಅವರ ಮಾತನ್ನೇ ಉಳಿಸಿಕೊಳ್ಳೋಣ.