ಕಂಪವಾತವೂ ಊಟದ ವೇಳೆಯೂ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ನರು 1817ರಲ್ಲಿ ಆರು ಮಂದಿ ರೋಗಿಗಳನ್ನು ಕುರಿತು ಕಿರುಪ್ರಬಂಧವೊಂದನ್ನು ಪ್ರಕಟಿಸಿದರು. ಕೈನಡುಕವನ್ನಷ್ಟೇ ಅಲ್ಲದೆ ತುತ್ತು ನುಂಗುವ ಪ್ರಯಾಸವನ್ನೂ ಮಲಬದ್ಧತೆಯನ್ನೂ ಅವರು ಗುರುತಿಸಿದ್ದರು. ವ್ಯಾಧಿಗೆ ಮುಂದೆ ಅವರ ಹೆಸರೇ ನಿಂತಿತು. ಆಯುರ್ವೇದವು ಇದನ್ನು ಕಂಪವಾತವೆನ್ನುತ್ತದೆ.

ಮುಟ್ಟಿದರೆ ಮೈ ತುರಿಸುವ ನಸುಗುನ್ನಿಯ ಬೀಜದಿಂದ ಲೆವೊಡೋಪಾ ಎಂಬ ದ್ರವ್ಯವನ್ನು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿಯವರು 1937ರಲ್ಲಿಯೇ ಬೇರ್ಪಡಿಸಿದ್ದರು. ಈ ರೋಗಕ್ಕೆ ಅದರ ಬೆಲೆ ತಿಳಿದದ್ದು ಮೂರು ದಶಕಗಳ ಬಳಿಕ, ಅಮೆರಿಕದ ಕೋಟ್ಜಿಯಾಸರ ಚಿಕಿತ್ಸೆಯಿಂದ. ಹಾಗೆಂದು ಬೀಜದ ಪುಡಿಯನ್ನು ತಾವಾಗಿಯೇ ಸೇವಿಸಲಾಗದು.

ಬೇಳೆ, ಹಾಲುಗಳ ಪ್ರೋಟೀನು ಕರುಳಿನಲ್ಲಿಯೂ ಮಿದುಳಿನ ಹೊಸ್ತಿಲಲ್ಲಿಯೂ ಈ ಔಷಧಿಯೊಡನೆ ಪೈಪೋಟಿಗಿಳಿಯುತ್ತದೆ. ಆದ್ದರಿಂದ ಮಾತ್ರೆಯನ್ನು ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುತ್ತಾರೆ. ಔಷಧಿಯ ಫಲ ಏರಿಳಿಯುತ್ತಿದ್ದ ರೋಗಿಗಳಿಗೆ ಪಿಂಕಸ್ ಮತ್ತು ಬ್ಯಾರಿಯವರು ಪ್ರೋಟೀನನ್ನು ಹಗಲು ತಗ್ಗಿಸಿ ಸಂಜೆಯ ಊಟಕ್ಕೆ ಮೀಸಲಿಟ್ಟರು. ಹಗಲಿನ ನಡೆದಾಟ ಸುಧಾರಿಸಿತೆಂದು 1987ರಲ್ಲಿ ವರದಿ ಮಾಡಿದರು.

ರಾತ್ರಿಭೋಜನ ತ್ಯಜಿಸಿದ ಮನೆಗಳಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ. ಹಗಲೂ ಬೇಡ, ರಾತ್ರಿಯೂ ಇಲ್ಲವೆಂದು ವೃದ್ಧರು ಬೇಳೆಯನ್ನೇ ಬಿಟ್ಟರೆ ಸೊರಗುತ್ತಾರೆ. ಮೊದಲೇ ತೂಕವಿಳಿಸುವ ವ್ಯಾಧಿಯಿದು. ವೈದ್ಯರು ಈ ಕ್ರಮವನ್ನು ಹೇಳಿದ್ದರೆ ಸೂರ್ಯಾಸ್ತಕ್ಕೆ ಮುನ್ನಿನ ಊಟದಲ್ಲಿಯೇ ತೊವ್ವೆಯನ್ನೋ ಹಾಲನ್ನೋ ಇಡಬಹುದು. ದ್ವಿದಳದ ನಿಯಮವುಳ್ಳವರಿಗೆ ತೊವ್ವೆಯೊಡನೆ ಮೊಸರು ಸಲ್ಲದೆಂಬುದನ್ನು ಬೇರೆ ಹೇಳಬೇಕಿಲ್ಲ.

ಉಪವಾಸದ ಮಾತು ಬೇರೆ. ಅಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಮೈ ಬಿಗಿದು, ಜ್ವರವೇರಿ, ಪ್ರಾಣಕ್ಕೇ ಕುತ್ತಾಗಬಹುದು. ಪರ್ಯೂಷಣಕ್ಕೆ ಮುನ್ನವೇ ವೈದ್ಯರನ್ನು ಕಂಡು, ಮಾತ್ರೆಗೆ ಬೇಕಾದ ಗುಟುಕು ನೀರಿನ ವಿಷಯವನ್ನು ವ್ರತವಿತ್ತ ಗುರುಗಳಲ್ಲಿ ಅರಿಕೆ ಮಾಡಿಕೊಳ್ಳುವುದು ಮನೆಯವರ ಹೊಣೆ.