ಸ್ವಿಚ್‌ಗಳಲ್ಲಿ ಸ್ವಯಂಚಾಲಿತ ಐಪಿ ವಿಳಾಸ ಹಂಚಿಕೆ

ಸ್ವಯಂಚಾಲಿತ ಐಪಿ ವಿಳಾಸ ಹಂಚಿಕೆ ಎಂಬುದು ಗಣಕಜಾಲವನ್ನು ಸೇರುವ ಸಾಧನಕ್ಕೆ ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ಮೊದಲಾದ ವಿವರಗಳನ್ನು ತಾನಾಗಿಯೇ ಒದಗಿಸುವ ವ್ಯವಸ್ಥೆ. ಇದಕ್ಕೆ ಬಳಕೆಯಲ್ಲಿರುವ ಪ್ರಮುಖ ಪ್ರೋಟೋಕಾಲ್ ಡೈನಾಮಿಕ್ ಹೋಸ್ಟ್ ಕಾನ್ಫಿಗರೇಶನ್ ಪ್ರೋಟೋಕಾಲ್ (ಡಿಎಚ್‌ಸಿಪಿ). ಈ ವ್ಯವಸ್ಥೆಯಲ್ಲಿ ಸ್ವಿಚ್ ವಿಳಾಸವನ್ನು ಪಡೆಯಬಲ್ಲದು, ಹಂಚಬಲ್ಲದು, ಇತರರ ಕೋರಿಕೆಯನ್ನು ದಾಟಿಸಬಲ್ಲದು ಹಾಗೂ ಹಂಚಿಕೆಯನ್ನು ಕಾಯಬಲ್ಲದು.

ಇತಿಹಾಸ

1985ರಲ್ಲಿ ಪ್ರಕಟವಾದ ಬೂಟ್‌ಪಿ ಪ್ರೋಟೋಕಾಲ್‌ನಲ್ಲಿ ಯಾವ ಸಾಧನಕ್ಕೆ ಯಾವ ವಿಳಾಸವೆಂಬುದನ್ನು ನಿರ್ವಾಹಕರು ಮೊದಲೇ ಬರೆದಿಡಬೇಕಿತ್ತು. 1993ರಲ್ಲಿ ಬಂದ ಡಿಎಚ್‌ಸಿಪಿ, ವಿಳಾಸವನ್ನು ನಿಗದಿತ ಅವಧಿಗೆ ಗುತ್ತಿಗೆಯಾಗಿ ಕೊಟ್ಟು ಮರಳಿ ಪಡೆಯುವ ಕ್ರಮವನ್ನು ತಂದಿತು. ರಾಲ್ಫ್ ಡ್ರೋಮ್ಸ್ ರಚಿಸಿದ ಆರ್‌ಎಫ್‌ಸಿ 2131 (1997) ಇದರ ಮೂಲ ನಿರೂಪಣೆಯಾಗಿದೆ.

ಕಾರ್ಯವಿಧಾನ

ಹೊಸ ಸಾಧನಕ್ಕೆ ಸ್ವಂತ ವಿಳಾಸವಿರುವುದಿಲ್ಲ; ಸರ್ವರ್ ಎಲ್ಲಿದೆಯೆಂಬುದೂ ತಿಳಿದಿರುವುದಿಲ್ಲ. ಆದ್ದರಿಂದ ಅದು 255.255.255.255 ವಿಳಾಸಕ್ಕೆ, ಅಂದರೆ ಆ ಜಾಲದಲ್ಲಿರುವ ಎಲ್ಲರಿಗೂ, ಶೋಧ ಸಂದೇಶವನ್ನು ಕಳುಹಿಸುತ್ತದೆ. ಸರ್ವರ್ ಒಂದು ವಿಳಾಸವನ್ನು ಸೂಚಿಸುತ್ತದೆ, ಸಾಧನ ಅದನ್ನು ಕೋರುತ್ತದೆ, ಸರ್ವರ್ ದೃಢೀಕರಿಸುತ್ತದೆ. ಸರ್ವರ್ ಯುಡಿಪಿ 67ನೆಯ ಪೋರ್ಟನ್ನೂ ಸಾಧನ 68ನೆಯ ಪೋರ್ಟನ್ನೂ ಬಳಸುತ್ತವೆ. ಗುತ್ತಿಗೆಯ ಅರ್ಧ ಅವಧಿ ಕಳೆದಾಗ ಸಾಧನ ನವೀಕರಣಕ್ಕೆ ಯತ್ನಿಸುತ್ತದೆ.

ವಿಳಾಸ ಪಡೆಯುವ ಸ್ವಿಚ್

ಎರಡನೆಯ ಸ್ತರದ ಸ್ವಿಚ್‌ನ ಭೌತಿಕ ಪೋರ್ಟುಗಳಿಗೆ ಐಪಿ ವಿಳಾಸವಿರುವುದಿಲ್ಲ. ನಿರ್ವಹಣೆಗೆ ಬೇಕಾದ ವಿಳಾಸವನ್ನು ವಿಲ್ಯಾನ್ ಇಂಟರ್‌ಫೇಸ್‌ಗೆ ಕೊಡಲಾಗುತ್ತದೆ. ಸಿಸ್ಕೊ ಐಒಎಸ್‌ನಲ್ಲಿ ಆ ಇಂಟರ್‌ಫೇಸ್‌ನೊಳಗೆ ‘ಐಪಿ ಅಡ್ರೆಸ್ ಡಿಎಚ್‌ಸಿಪಿ’, ಬಳಿಕ ‘ನೋ ಶಟ್‌ಡೌನ್’ ಆದೇಶಗಳನ್ನು ನೀಡಬೇಕು. ಮೂರನೆಯ ಸ್ತರದ ಸ್ವಿಚ್‌ನಲ್ಲಿ ‘ನೋ ಸ್ವಿಚ್‌ಪೋರ್ಟ್’ ಆದೇಶದ ನಂತರ ಭೌತಿಕ ಪೋರ್ಟೇ ವಿಳಾಸವನ್ನು ಪಡೆಯಬಲ್ಲದು. ‘ಶೋ ಐಪಿ ಇಂಟರ್‌ಫೇಸ್ ಬ್ರೀಫ್’ ಆದೇಶದಿಂದ ಫಲಿತಾಂಶವನ್ನು ನೋಡಬಹುದು.

ಗುತ್ತಿಗೆಯ ವಿಳಾಸ ಬದಲಾದರೆ ನಿರ್ವಾಹಕರಿಗೆ ಸ್ವಿಚ್ ಹಳೆಯ ವಿಳಾಸದಲ್ಲಿ ಸಿಗುವುದಿಲ್ಲ. ಆದ್ದರಿಂದ ಸರ್ವರ್‌ನಲ್ಲಿ ಆ ಸ್ವಿಚ್‌ಗೆಂದೇ ಒಂದು ವಿಳಾಸವನ್ನು ಕಾಯ್ದಿರಿಸುವುದು, ಇಲ್ಲವೇ ಸ್ಥಿರ ವಿಳಾಸ ಕೊಡುವುದು ರೂಢಿ.

ಹಂಚುವ ಹಾಗೂ ದಾಟಿಸುವ ಸ್ವಿಚ್

ಸ್ವಿಚ್ ಸ್ವತಃ ಸರ್ವರ್ ಆಗುವಾಗ ಹಂಚಬೇಕಾದ ವಿಳಾಸಗಳ ಸಮೂಹ, ಗೇಟ್‌ವೇ ಮತ್ತು ಡಿಎನ್‌ಎಸ್ ವಿವರಗಳನ್ನು ನಮೂದಿಸಬೇಕು. ಮುದ್ರಕ, ಗೇಟ್‌ವೇ ಮುಂತಾದವುಗಳ ಸ್ಥಿರ ವಿಳಾಸಗಳನ್ನು ಹಂಚಿಕೆಯಿಂದ ಹೊರಗಿಡಬೇಕು. ಉದಾಹರಣೆಗೆ, 192.168.10.0/24 ಜಾಲದಲ್ಲಿ ಬಳಸಬಹುದಾದ ವಿಳಾಸಗಳು 254. ಮೊದಲ ಹತ್ತನ್ನು ಹೊರಗಿಟ್ಟರೆ 244 ಉಳಿಯುತ್ತವೆ.

ಶೋಧ ಸಂದೇಶ ತನ್ನ ವಿಲ್ಯಾನ್‌ನ ಗಡಿಯನ್ನು ದಾಟದು. ಸರ್ವರ್ ಬೇರೆ ವಿಲ್ಯಾನ್‌ನಲ್ಲಿದ್ದರೆ, ಸಾಧನಗಳಿರುವ ವಿಲ್ಯಾನ್ ಇಂಟರ್‌ಫೇಸ್‌ನಲ್ಲಿ ‘ಐಪಿ ಹೆಲ್ಪರ್-ಅಡ್ರೆಸ್’ ಆದೇಶದೊಡನೆ ಸರ್ವರ್‌ನ ವಿಳಾಸವನ್ನು ನೀಡಬೇಕು. ಸ್ವಿಚ್ ಕೋರಿಕೆಗೆ ತನ್ನ ಇಂಟರ್‌ಫೇಸ್‌ನ ವಿಳಾಸವನ್ನು ಸೇರಿಸಿ ಸರ್ವರ್‌ಗೆ ಕಳುಹಿಸುತ್ತದೆ. ಅದನ್ನು ನೋಡಿಯೇ ಸರ್ವರ್ ಸರಿಯಾದ ಸಮೂಹವನ್ನು ಆರಿಸುತ್ತದೆ.

ಭದ್ರತೆ

ಡಿಎಚ್‌ಸಿಪಿಯಲ್ಲಿ ಸಾಮಾನ್ಯವಾಗಿ ಉತ್ತರಿಸಿದವರ ಗುರುತನ್ನು ಪರೀಕ್ಷಿಸಲಾಗುವುದಿಲ್ಲ. ಯಾರೋ ತಿಳಿಯದೆ ಜೋಡಿಸಿದ ಮನೆಬಳಕೆಯ ರೌಟರ್ ಕೂಡ ತಪ್ಪು ಗೇಟ್‌ವೇ ಹಂಚಿ ಇಡೀ ಕಚೇರಿಯ ಸಂಪರ್ಕವನ್ನು ಕೆಡಿಸಬಹುದು. ದುರುದ್ದೇಶವುಳ್ಳವರು ಇದೇ ದಾರಿಯಿಂದ ಇತರರ ದತ್ತಾಂಶವನ್ನು ತಮ್ಮ ಮೂಲಕ ಹಾಯಿಸಿಕೊಳ್ಳಬಹುದು. ಇದನ್ನು ತಡೆಯುವ ಸೌಲಭ್ಯವೇ ಡಿಎಚ್‌ಸಿಪಿ ಸ್ನೂಪಿಂಗ್. ಇದು ವಿಶ್ವಾಸಾರ್ಹವೆಂದು ಗುರುತಿಸಿದ ಪೋರ್ಟುಗಳಿಂದ ಬರುವ ಸರ್ವರ್ ಉತ್ತರಗಳನ್ನು ಮಾತ್ರ ಒಳಬಿಡುತ್ತದೆ.

ಸಾಮಾನ್ಯ ದೋಷಗಳು

ಸಾಧನದ ವಿಳಾಸ 169.254 ಎಂದು ಆರಂಭವಾಗಿದ್ದರೆ ಸಾಮಾನ್ಯವಾಗಿ ಸರ್ವರ್‌ನ ಉತ್ತರ ತಲುಪಿಲ್ಲವೆಂದು ಅರ್ಥ. ಪೋರ್ಟ್ ತಪ್ಪು ವಿಲ್ಯಾನ್‌ನಲ್ಲಿರುವುದು, ಸಮೂಹದ ವಿಳಾಸಗಳು ಮುಗಿದಿರುವುದು, ಸ್ನೂಪಿಂಗ್ ಆರಂಭಿಸಿದಾಗ ಸರ್ವರ್ ಕಡೆಯ ಪೋರ್ಟನ್ನು ವಿಶ್ವಾಸಾರ್ಹವೆಂದು ಗುರುತಿಸಲು ಮರೆಯುವುದು ಇದರ ಕಾರಣಗಳಲ್ಲಿ ಕೆಲವು. ಸ್ಪ್ಯಾನಿಂಗ್ ಟ್ರೀಯ ಮೂಲ ರೂಪದಲ್ಲಿ ಪೋರ್ಟ್ ಸಿದ್ಧವಾಗಲು ಸುಮಾರು 30 ಸೆಕೆಂಡು ಹಿಡಿಯುವುದರಿಂದ, ಅಷ್ಟರಲ್ಲಿ ಸಾಧನದ ಯತ್ನ ವಿಫಲವಾಗುವುದೂ ಉಂಟು.